ಕಾಯಬಲ್ಲವರ ಕೈಯಲ್ಲಿ ಬೆಲೆ: ನಮ್ಮ ಸೇಲಂ ಸಬ್ಬಕ್ಕಿಯ ಕಥೆ



ಹಬ್ಬದ ದಿನ ಸಬ್ಬಕ್ಕಿ ಪಾಯಸ ಮಾಡದ ಮನೆ ನಮ್ಮಲ್ಲಿ ಕಡಿಮೆ. ಇಲ್ಲಿ ಎಲ್ಲರೂ ಜವ್ವರಿಸಿ ಎನ್ನುವ ಆ ಬಿಳಿ ಕಾಳು ಹೊಲದಲ್ಲಿ ಬೆಳೆಯುವ ಧಾನ್ಯವಲ್ಲ. ಮರಗೆಣಸನ್ನು ಅರೆದು, ಅದರ ಹಿಟ್ಟನ್ನು ತಿಳಿಗೊಳಿಸಿ, ಮಿಲ್ಲಿನಲ್ಲಿ ಗುಂಡಗೆ ಮಾಡಿ ಹುರಿದು ಒಣಗಿಸಿದ್ದು. ದೇಶದ ಸಬ್ಬಕ್ಕಿಯ ಬಹುಪಾಲು ಸೇಲಂ ಸುತ್ತಮುತ್ತಲಿಂದಲೇ ಹೋಗುತ್ತದೆ. ಗೆಣಸು ಬೆಳೆಯುವವರು ಸಾವಿರಾರು ಜನ, ಸಬ್ಬಕ್ಕಿ ತಿನ್ನುವವರು ಕೋಟ್ಯಂತರ ಜನ. ಆದರೆ ನಡುವೆ ನಿಂತು ಬೆಲೆ ಹೇಳುವವರು ಎಷ್ಟು ಮಂದಿ? ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಶಂಕಗಿರಿ ಕೋಟೆಯಿಂದಲೇ ಶುರು ಮಾಡಬಹುದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಈ ಸೀಮೆಯನ್ನು ಬಿಟ್ಟುಕೊಡಬೇಕಾಯಿತು. ಪಡೆದದ್ದು ಇನ್ನೊಬ್ಬ ರಾಜನಲ್ಲ, ಲಂಡನ್ನಿನಲ್ಲಿ ಷೇರುದಾರರಿದ್ದ ಒಂದು ವ್ಯಾಪಾರಿ ಸಂಸ್ಥೆ, ಈಸ್ಟ್ ಇಂಡಿಯಾ ಕಂಪನಿ. 1805ರಲ್ಲಿ ಆ ಕಂಪನಿ ಮದ್ರಾಸ್ ಪ್ರಾಂತ್ಯದ ಉಪ್ಪಿನ ವ್ಯಾಪಾರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿತು. ಉಪ್ಪಿಗೆ ಬದಲಿ ಇಲ್ಲ, ಬಡವನೂ ಕೊಳ್ಳಲೇಬೇಕು. ಕಂಪನಿ ಹೋಗಿ ಬ್ರಿಟಿಷ್ ಸರ್ಕಾರ ಬಂದರೂ ಆ ಹಿಡಿತ ಸಡಿಲವಾಗಲಿಲ್ಲ. ಹಿಂದೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದ ರಾಜಾಜಿಯವರು 1930ರಲ್ಲಿ ತಿರುಚಿನಾಪಳ್ಳಿಯಿಂದ ವೇದಾರಣ್ಯದ ಕಡಲತೀರಕ್ಕೆ ನಡೆದದ್ದು ಆ ಉಪ್ಪಿಗಾಗಿಯೇ.

ಇನ್ನು ಸಬ್ಬಕ್ಕಿಯ ಕಥೆ. ಮರಗೆಣಸು ದಕ್ಷಿಣ ಅಮೆರಿಕದ ಗಿಡ, ಪೋರ್ಚುಗೀಸರ ಜೊತೆ ಕೇರಳಕ್ಕೆ ಬಂತು. 1880ರ ದಶಕದಲ್ಲಿ ತಿರುವಾಂಕೂರಿನ ಮಹಾರಾಜ ವಿಶಾಖಂ ತಿರುನಾಳ್ ಅದನ್ನು ಬಡವರ ಹಸಿವು ನೀಗಿಸುವ ಬೆಳೆಯಾಗಿ ಹರಡಿಸಿದರು. ಸಬ್ಬಕ್ಕಿ ಮಾತ್ರ ಆಗ ಹಡಗಿನಲ್ಲಿ ಮಲಯ, ಸಿಂಗಾಪುರಗಳ ಕಡೆಯಿಂದ ಬರುತ್ತಿತ್ತು. 1942ರಲ್ಲಿ ಜಪಾನ್ ಆ ನಾಡುಗಳನ್ನು ಹಿಡಿದಾಗ ಹಡಗು ನಿಂತಿತು. ಮರುವರ್ಷ ಸೇಲಂನ ಮಾಣಿಕ್ಕಂ ಚೆಟ್ಟಿಯಾರ್ ಮತ್ತು ಮಲಯದ ಕಸುಬು ಬಲ್ಲ ಪೋಪಟ್‌ಲಾಲ್ ಷಾ ಸೇರಿ ಮರಗೆಣಸಿನ ಹಿಟ್ಟಿನಿಂದ ಇಲ್ಲೇ ಸಬ್ಬಕ್ಕಿ ಮಾಡಿಸಿದರು. ಯುದ್ಧ ಮುಗಿದರೂ ಕಸುಬು ಉಳಿಯಿತು. ಆತ್ತೂರು, ರಾಸಿಪುರ, ಧರ್ಮಪುರಿ ಕಡೆಗಳಲ್ಲಿ ಗೆಣಸಿನ ಹೊಲಗಳು ಹಬ್ಬಿದವು, ಸಣ್ಣ ಸಣ್ಣ ಮಿಲ್ಲುಗಳು ಎದ್ದವು.

ಮಿಲ್ಲುಗಳು ನೂರಾರು ಇದ್ದರೂ ಬೆಲೆ ಅವರ ಕೈಯಲ್ಲಿ ಇರಲಿಲ್ಲ. ಕಾರಣ ಸರಳ. ಕಿತ್ತ ಮರಗೆಣಸು ಎರಡು ಮೂರು ದಿನದಲ್ಲಿ ಕಪ್ಪಾಗಿ ಕೆಡುತ್ತದೆ. ಅದಕ್ಕೇ ರೈತ ಮಿಲ್ಲಿನ ಬಾಗಿಲಲ್ಲಿ ಚೌಕಾಸಿ ಮಾಡುತ್ತಾ ನಿಲ್ಲಲಾರ. ಹಿಟ್ಟಿನ ಅಂಶ ಅಳೆದು ಪಾಯಿಂಟ್‌ಗೆ ಇಷ್ಟು ಎಂದು ಮಿಲ್ಲಿನವರು ಹೇಳಿದ್ದೇ ಬೆಲೆ. ಮಿಲ್ಲಿನವನ ಸರಕು ತಿಂಗಳುಗಟ್ಟಲೆ ಕೆಡುವುದಿಲ್ಲ ನಿಜ, ಆದರೆ ಅವನಿಗೆ ನಾಳೆ ಕೂಲಿ ಕೊಡಬೇಕು, ಸಾಲದ ಬಡ್ಡಿ ಕಟ್ಟಬೇಕು. ಗೋದಾಮೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಹಾಗಾಗಿ ಮಧ್ಯವರ್ತಿ ಕೇಳಿದ ಬೆಲೆಗೆ ಕೊಡುತ್ತಿದ್ದ. ಕಾಯಬಲ್ಲವನೇ ಬೆಲೆ ಹೇಳುತ್ತಾನೆ. ಕಾಯಲಾಗದವನು ಕೇಳಿಸಿಕೊಳ್ಳುತ್ತಾನೆ.

1981ರಲ್ಲಿ ಮಿಲ್ಲಿನವರು ಸೇರಿ ಸಹಕಾರ ಸಂಘ ಕಟ್ಟಿದರು. ಅದೇ ಸಾಗೋಸರ್ವ್. ಸದಸ್ಯರು ಸರಕನ್ನು ಸಂಘದ ಗೋದಾಮಿನಲ್ಲಿ ಇಡುತ್ತಾರೆ, ಅದರ ಮೇಲೆ ಮುಂಗಡ ಹಣ ಪಡೆಯುತ್ತಾರೆ, ವ್ಯಾಪಾರಿಗಳು ರಹಸ್ಯ ಟೆಂಡರ್ ಹಾಕಿ ಕೊಳ್ಳುತ್ತಾರೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಸಂಘ ಅವರಿಗೆ ಕೊಟ್ಟದ್ದು ಕಾಯುವ ಶಕ್ತಿ. 2023ರಲ್ಲಿ ಸೇಲಂ ಜವ್ವರಿಸಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಆದರೆ ಇದು ಮಿಲ್ಲಿನವರ ಸಂಘ, ರೈತರದ್ದಲ್ಲ. ಗೆಣಸು ಈಗಲೂ ಮೂರು ದಿನದಲ್ಲೇ ಕೆಡುತ್ತದೆ. ಗೋದಾಮು ಸಬ್ಬಕ್ಕಿಗೆ ಉಂಟು, ಹೊಲದಲ್ಲಿ ಬೆವರು ಸುರಿಸಿದವನಿಗೆ ಇನ್ನೂ ಆಸರೆ ಇಲ್ಲ. ಅರ್ಧ ಕೆಲಸ ಉಳಿದಿದೆ.

ಹೊರಗಿನ ಲೋಕದಲ್ಲಿ ಹಿಡಿತ ಇನ್ನೂ ಬಿಗಿಯಾಗುತ್ತಿದೆ. 2017ರಲ್ಲಿ ಡೌ ಮತ್ತು ಡುಪಾಂಟ್ ಒಂದಾದವು, ಅದೇ ವರ್ಷ ಕೆಮ್‌ಚೈನಾ ಸಿಂಜೆಂಟಾವನ್ನು ಕೊಂಡಿತು, 2018ರಲ್ಲಿ ಬೇಯರ್ ಮೊನ್ಸಾಂಟೊವನ್ನು ಕೊಂಡಿತು. ಬೀಜವನ್ನೂ ಔಷಧವನ್ನೂ ಮಾರುವವರು ಒಬ್ಬರೇ ಆದರು. ಪುಣ್ಯಕ್ಕೆ ಮರಗೆಣಸಿಗೆ ಅಂಗಡಿಯ ಬೀಜ ಬೇಕಿಲ್ಲ. ಹಳೆ ಗಿಡದ ಕಡ್ಡಿ ಕತ್ತರಿಸಿ ನೆಟ್ಟರೆ ಸಾಕು. ಆ ಒಂದು ಸ್ವಾತಂತ್ರ್ಯ ನಮ್ಮ ರೈತನಿಗೆ ಉಳಿದಿದೆ.

ಬೈಬಲ್‌ನಲ್ಲಿ ಇದಕ್ಕೆ ಹತ್ತಿರದ ಕಥೆ ಆದಿಕಾಂಡದ 47ನೇ ಅಧ್ಯಾಯದಲ್ಲಿದೆ. ಜೋಸೆಫನು ಧಾನ್ಯ ಕೂಡಿಟ್ಟು ಈಜಿಪ್ಟನ್ನು ಬರಗಾಲದಿಂದ ಉಳಿಸಿದ್ದನ್ನು ಚಿಕ್ಕಂದಿನಿಂದ ಜ್ಞಾನೋಪದೇಶದಲ್ಲಿ ಕೇಳಿದ್ದೇವೆ. ಮುಂದಿನ ಭಾಗವನ್ನು ನಾವು ಅಷ್ಟಾಗಿ ಓದುವುದಿಲ್ಲ. ಜನ ಮೊದಲು ಹಣ ಕೊಟ್ಟರು, ಆಮೇಲೆ ದನಕರು ಕೊಟ್ಟರು, ಕೊನೆಗೆ ಹೊಲವನ್ನೂ ತಮ್ಮನ್ನೂ ಫರೋಹನಿಗೆ ಮಾರಿಕೊಂಡರು. ಪುರೋಹಿತರ ಭೂಮಿ ಮಾತ್ರ ಉಳಿಯಿತು. ಜೋಸೆಫನು ಒಳ್ಳೆಯವನೇ, ಜೀವ ಉಳಿಸಿದವನೇ. ಆದರೂ ಕಣಜವೆಲ್ಲ ಒಂದೇ ಕೈಗೆ ಸೇರಿದರೆ ಹೀಗಾಗುತ್ತದೆ. ಅದು ಒಳ್ಳೆಯ ಕೈ ಆಗಿದ್ದರೂ ಸರಿ.

ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸಿ' ಪತ್ರದಲ್ಲಿ, ದೊಡ್ಡ ಪ್ರಮಾಣದ ವ್ಯವಸಾಯದ ಒತ್ತಡಕ್ಕೆ ಸಣ್ಣ ರೈತರು ಭೂಮಿ ಮಾರಬೇಕಾಗುತ್ತಿದೆ ಎಂದು ಎಚ್ಚರಿಸಿದರು. ನಮ್ಮ ಧರ್ಮಕೇಂದ್ರದಲ್ಲೂ ಗೆಣಸು ಬೆಳೆಯುವ ಮನೆಗಳಿದ್ದರೆ, ಈ ಸುಗ್ಗಿಯಲ್ಲಿ ಯುವಜನರು ಅವರ ಜೊತೆ ಕುಳಿತು ಒಂದು ಲೆಕ್ಕ ಬರೆಯೋಣ. ಯಾರಿಗೆ ಎಷ್ಟು ಪಾಯಿಂಟ್ ಬಂತು, ಎಷ್ಟು ಬೆಲೆ ಸಿಕ್ಕಿತು? ಒಬ್ಬೊಬ್ಬರೇ ಮಿಲ್ಲಿಗೆ ಹೋಗುವ ಬದಲು ಲೆಕ್ಕ ಹಿಡಿದು ಹತ್ತು ಜನ ಹೋದರೆ ಮಾತಿನ ತೂಕವೇ ಬೇರೆ. 1981ರಲ್ಲಿ ಮಿಲ್ಲಿನವರು ಕಲಿತ ಪಾಠವೂ ಅದೇ.

ಕರ್ತರು ಕಲಿಸಿದ ಪ್ರಾರ್ಥನೆಯಲ್ಲಿ ಆಹಾರ ಬೇಡುವಾಗ ನಾವು 'ನನಗೆ' ಎನ್ನುವುದಿಲ್ಲ, 'ನಮಗೆ' ಎನ್ನುತ್ತೇವೆ. ಮುಂದಿನ ಸಲ ಪಾಯಸದ ಬಟ್ಟಲು ಹಿಡಿದಾಗ ಆ 'ನಮಗೆ'ಯಲ್ಲಿ ಗೆಣಸು ಕಿತ್ತವರೂ ಇದ್ದಾರಾ ಎಂದು ಕೇಳಿಕೊಳ್ಳೋಣ.