ನೆಲದ ಟಿಕೀಟಿನ ಪ್ರೇಕ್ಷಕ

ಕನ್ನಡ ನಾಟಕದ ಚರಿತ್ರೆಯನ್ನು ಬರೆದ ನಮ್ಮ ವಿದ್ವಾಂಸರು ನಾಟಕಕಾರರ ಹೆಸರುಗಳನ್ನು ಕೊಟ್ಟಿದ್ದಾರೆ, ಕಂಪನಿಗಳ ಮಾಲೀಕರನ್ನು ನೆನೆದಿದ್ದಾರೆ, ನಟರ ಕಂಠವನ್ನೂ ಆಕಾರವನ್ನೂ ಬಣ್ಣಿಸಿದ್ದಾರೆ. ಆ ಕಂಠವನ್ನು ಕೇಳುತ್ತ ಎದುರಿಗೆ ಕುಳಿತಿದ್ದವರು ಯಾರು, ಅವರು ಹೇಗೆ ನೋಡಿದರು, ನೋಡಿ ಏನು ಮಾಡಿದರು ಎಂಬ ಮಾತು ಬಂದಾಗ ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ಅನ್ಯರನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಎಂ.ಎ. ತರಗತಿಗಳಿಗೆ ನಾಟಕ ಸಾಹಿತ್ಯವನ್ನು ಪಾಠ ಹೇಳಿದವನು ನಾನು. ‘ವೃತ್ತಿ ರಂಗಭೂಮಿಯ ಅವನತಿಗೆ ಕಾರಣಗಳನ್ನು ವಿವೇಚಿಸಿ’ ಎಂಬ ಪ್ರಶ್ನೆಯನ್ನು ಎಷ್ಟೋ ವರ್ಷ ಕೇಳಿದ್ದೇನೆ. ‘ಪ್ರೇಕ್ಷಕರ ಕೀಳು ಅಭಿರುಚಿ’ ಎಂದು ಮೊದಲ ಕಾರಣವಾಗಿ ಬರೆದವರಿಗೆ ಧಾರಾಳವಾಗಿ ಅಂಕ ಕೊಟ್ಟಿದ್ದೇನೆ. ಆ ಉತ್ತರ ಸರಿಯಲ್ಲವೆಂದು ಈಗ ತೋರುತ್ತಿದೆ. ಕೊಟ್ಟ ಅಂಕಗಳನ್ನು ಹಿಂದಕ್ಕೆ ಪಡೆಯುವಂತಿಲ್ಲ. ನಾಲ್ಕು ಮಾತುಗಳನ್ನಾದರೂ ಹೇಳಬಹುದು.

ನಮ್ಮ ಪ್ರಾಚೀನರು ಪ್ರೇಕ್ಷಕನನ್ನು ಹೀಗೆ ಅಲಕ್ಷಿಸಲಿಲ್ಲ. ಭರತನ ನಾಟ್ಯಶಾಸ್ತ್ರ ಆರಂಭವಾಗುವುದೇ ಪ್ರೇಕ್ಷಕರ ಗಲಭೆಯಿಂದ. ದೇವತೆಗಳ ವಿಜಯವನ್ನು ಆಡಿ ತೋರಿಸಿದಾಗ, ನೋಡುತ್ತಿದ್ದ ದೈತ್ಯರಿಗೆ ಸಿಟ್ಟು ಬಂದು ಆಟಕ್ಕೆ ವಿಘ್ನವಾಯಿತು; ಆ ಕಾರಣದಿಂದಲೇ ನಾಟ್ಯಗೃಹವನ್ನು ಕಟ್ಟಬೇಕಾಯಿತು. ಇಪ್ಪತ್ತೇಳನೆಯ ಅಧ್ಯಾಯವಂತೂ ನಾಟಕದ ಸಿದ್ಧಿಯನ್ನು ಕುರಿತದ್ದು. ಪ್ರಯೋಗ ಗೆದ್ದಿತೋ ಇಲ್ಲವೋ ಎಂಬುದನ್ನು ಭರತಮುನಿ ಅಳೆಯುವುದು ಕವಿಯ ಮಾತಿನಿಂದಲ್ಲ, ನೋಡುವವರ ಮೈಯಿಂದ. ನಸುನಗೆ, ದೊಡ್ಡ ನಗು, ‘ಭಲೆ’ ಎನ್ನುವ ಉದ್ಗಾರ, ಮೈ ನವಿರೇಳುವುದು, ಎದ್ದು ನಿಲ್ಲುವುದು, ಮೈಮೇಲಿನ ಬಟ್ಟೆಯನ್ನು ತೆಗೆದು ನಟನಿಗೆ ಕೊಡುವುದು, ಇವೆಲ್ಲ ಮಾನುಷೀ ಸಿದ್ಧಿಯ ಲಕ್ಷಣಗಳು. ನೆರೆದ ಸಭೆ ತುಂಬಿದ್ದೂ ಒಂದು ಸದ್ದಿಲ್ಲದಿದ್ದರೆ ಅದು ದೈವೀ ಸಿದ್ಧಿ. ಇನ್ನು ಪ್ರಯೋಗವನ್ನು ಕೆಡಿಸಲು ವಿರೋಧಿಗಳು ಸೆಗಣಿ, ಹೆಂಟೆ, ಇರುವೆಗಳನ್ನು ರಂಗದ ಮೇಲೆ ಎಸೆಯುವುದನ್ನೂ ಆತ ಪಟ್ಟಿ ಮಾಡಿದ್ದಾನೆ. ಇರುವೆಗಳನ್ನು ಹಿಡಿದು ತರುವಷ್ಟು ಶ್ರಮ ವಹಿಸುತ್ತಿದ್ದ ಆ ಪ್ರೇಕ್ಷಕರ ಆಸಕ್ತಿಯನ್ನು ಮೆಚ್ಚಬೇಕು.

ಆಧುನಿಕ ಕನ್ನಡ ರಂಗಭೂಮಿಯ ಹುಟ್ಟಿನಲ್ಲೂ ಪ್ರೇಕ್ಷಕನೇ ಇದ್ದಾನೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದವರ ಆಟವನ್ನು ಸಾಂಗಲಿಯಲ್ಲಿ ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಮುಂದೆ ಮರಾಠಿ ಮಂಡಳಿಗಳು ಧಾರವಾಡ ಪ್ರಾಂತಕ್ಕೆ ಬಂದವು. ಕನ್ನಡದ ಜನ ತಮ್ಮದಲ್ಲದ ಭಾಷೆಯ ನಾಟಕವನ್ನು ಕಾಸು ಕೊಟ್ಟು ನೋಡಿ ತಲೆದೂಗುವಂತಾಯಿತು. ಶಾಲಾ ಮಾಸ್ತರರಾಗಿದ್ದ ಶಾಂತಕವಿಗಳಿಗೆ, ಎಂದರೆ ಸಕ್ಕರಿ ಬಾಳಾಚಾರ್ಯರಿಗೆ, ಸಹಿಸಲಾಗದೆ ಹೋದದ್ದು ಇದೇ. 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಹುಟ್ಟಿತು. ಕನ್ನಡದಲ್ಲಿ ನಾಟಕವಿಲ್ಲವೆಂಬ ಕೊರಗಿಗಿಂತಲೂ ಕನ್ನಡದ ಪ್ರೇಕ್ಷಕ ಪರರ ಪಾಲಾಗುತ್ತಿದ್ದಾನೆಂಬ ಕೊರಗು ಅಲ್ಲಿ ದೊಡ್ಡದಾಗಿತ್ತೆಂದು ನನ್ನ ಊಹೆ. ಅತ್ತ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ನಡೆಯಿತು. ಬಸವಪ್ಪಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. ಅಲ್ಲಿ ಮೆಚ್ಚಬೇಕಾದವನು ಪ್ರಭು. 1884ರಲ್ಲಿ ಗುಬ್ಬಿಯಂಥ ಸಣ್ಣ ಊರಿನಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾಯಿತು. ಇಂಥ ಕಂಪನಿಗಳು ಊರೂರು ತಿರುಗತೊಡಗಿದಾಗ ಆ ಪ್ರಭುವಿನ ಸ್ಥಾನಕ್ಕೆ ಟಿಕೀಟು ಕೊಂಡವನು ಬಂದು ಕುಳಿತ.

ಕುಳಿತದ್ದು ಎಲ್ಲಿ? ನಾನು ಬಾಲ್ಯದಲ್ಲಿ ಕಂಡ ಒಂದು ಥಿಯೇಟರನ್ನು ನೆನಪಿಸಿಕೊಳ್ಳುತ್ತೇನೆ. 1968ರ ಸುಮಾರು, ಅಂದಿನ ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು ಊರು. ಸಂತೆಯ ಬಯಲಿನಲ್ಲಿ ಬಿದಿರು ಗಳ, ತಗಡು, ತಟ್ಟಿಗಳಿಂದ ಕಟ್ಟಿದ ಥಿಯೇಟರು. ರಂಗಕ್ಕೆ ಹತ್ತಿರವಾಗಿ ಊರಿನ ಗಣ್ಯರಿಗೆಂದು ನಾಲ್ಕಾರು ಸೋಫಾಗಳು, ಅವುಗಳ ಹಿಂದೆ ಕುರ್ಚಿ, ಕುರ್ಚಿಯ ಹಿಂದೆ ಬೆಂಚು, ಬೆಂಚಿನ ಹಿಂದೆ ಬರಿಯ ನೆಲ. ಒಂದು ಪಕ್ಕಕ್ಕೆ ಹೆಂಗಸರ ವಿಭಾಗ. ಸಿನಿಮಾದ ಟೆಂಟಿನಲ್ಲಿ ನೆಲದವರು ಪರದೆಯ ಹತ್ತಿರವಿದ್ದು ಕುರ್ಚಿಯವರು ದೂರ ಕೂಡುವರು. ನಾಟಕದಲ್ಲಿ ಇದು ತಿರುವುಮುರುವು. ಹಗಲು ಹೊತ್ತು ಎತ್ತಿನ ಗಾಡಿಗೆ ಬೋರ್ಡು ಕಟ್ಟಿ, ಹಲಗೆ ಬಾರಿಸುತ್ತ, ಕರಪತ್ರ ಹಂಚುತ್ತ ಹೋಗುತ್ತಿದ್ದರು; ನಾವು ಹುಡುಗರು ಗಾಡಿಯ ಹಿಂದೆ ಊರಿನ ಅಗಸೆಯವರೆಗೂ ಓಡುತ್ತಿದ್ದೆವು. ಆಟ ಆರಂಭವಾಗುವುದು ರಾತ್ರಿ ಹತ್ತಕ್ಕೆ. ಹಳ್ಳಿಯವರು ದನಗಳಿಗೆ ಮೇವು ಹಾಕಿ, ಉಂಡು, ಚಕ್ಕಡಿ ಹೂಡಿ ಬರಬೇಕಷ್ಟೆ! ಮುಗಿಯುವುದು ಎರಡಕ್ಕೋ ಮೂರಕ್ಕೋ. ಮತ್ತೆ ಅದೇ ಚಕ್ಕಡಿಗಳಲ್ಲಿ, ದಾರಿಯುದ್ದಕ್ಕೂ ಅದೇ ಹಾಡುಗಳು.

ಕಂಪನಿಯ ನಟರು ಕಿರುಚುತ್ತಾರೆ, ಕೈಗಳನ್ನು ಅತಿಯಾಗಿ ಬೀಸುತ್ತಾರೆ ಎಂಬುದು ಸುಶಿಕ್ಷಿತರ ಹಳೆಯ ದೂರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ, ಗ್ಯಾಸಲೈಟಿನ ಬೆಳಕಿನಲ್ಲಿ, ಕಟ್ಟಕಡೆಯ ನೆಲದ ಮೇಲೆ ಕುಳಿತ ರೈತನಿಗೂ ಮಾತು ಮುಟ್ಟಬೇಕಾಗಿತ್ತು. ಸೋಫಾದವರಿಗಷ್ಟೇ ಕೇಳಿದರೆ ಸಾಕೆಂದಿದ್ದರೆ ನಟ ಮೆಲ್ಲಗೆ ಮಾತನಾಡಬಹುದಿತ್ತು. ಹಾಗಾಗಿದ್ದರೆ ಆ ಕಂಪನಿ ವಾರದೊಳಗೆ ಗಂಟು ಕಟ್ಟಬೇಕಾಗುತ್ತಿತ್ತು. ತೆರೆದ ಕಂಠದ ಆ ಮಾತುಗಾರಿಕೆ ಕೊನೆಯ ಸಾಲಿನವನಿಗೆ ಸಲ್ಲಿಸಿದ ಮರ್ಯಾದೆ. ನಾಟಕದ ಕಥೆಗೆ ಸಂಬಂಧವಿಲ್ಲದ ಹಾಸ್ಯ ಪ್ರಸಂಗಗಳನ್ನೂ ಹೀಗೆಯೇ ನೋಡಬೇಕು. ಒಳಗೆ ಅರಮನೆಯ ಸೀನನ್ನು ತೆಗೆದು ಅಡವಿಯ ಸೀನನ್ನು ಹೂಡುವವರೆಗೆ ಮುಂದಿನ ಪರದೆಯೆದುರು ಯಾರಾದರೂ ಜನರನ್ನು ಹಿಡಿದಿಡಬೇಕು; ಆ ಹೊಣೆ ಹಾಸ್ಯಗಾರನದು. ಜನ ಅವನನ್ನು ಬಿಡಲಿಲ್ಲ, ಆದ್ದರಿಂದ ನಾಟಕ ಬರೆಯುವವರೂ ಬಿಡಲಾಗಲಿಲ್ಲ. ‘ಸದಾರಮೆ’ಯನ್ನು ನೋಡಲು ಹೋದವರಲ್ಲಿ ಬಹುಪಾಲು ಮಂದಿ ಗುಬ್ಬಿ ವೀರಣ್ಣನವರ ಕಳ್ಳನನ್ನು ನೋಡಲು ಹೋದವರೇ.

‘ಒನ್ಸ್ ಮೋರ್’ ಎಂಬ ಕೂಗಿನ ಬಗೆಗೂ ಬೇಸರಪಟ್ಟವರು ಬಹಳ. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಬೇಕಾಗುತ್ತಿತ್ತೆಂದು ತರಗತಿಯಲ್ಲಿ ನಾನೇ ಗೇಲಿ ಮಾಡಿ ನಗಿಸಿದ್ದೇನೆ. ಆದರೆ ವಿಚಾರ ಮಾಡಿ ನೋಡಿ. ಇಂಗ್ಲಿಷಿನ ಒಂದಕ್ಷರ ಬಾರದ ಜನ ಆ ಭಾಷೆಯಿಂದ ಎತ್ತಿಕೊಂಡ ಎರಡೇ ಶಬ್ದಗಳು, ತಮಗೆ ಬೇಕಾದುದನ್ನು ಇನ್ನೊಮ್ಮೆ ಕೊಡು ಎಂದು ಕೇಳುವ ಶಬ್ದಗಳು. ಊರಿನ ಕಚೇರಿಯಲ್ಲಾಗಲಿ ಸಾಹುಕಾರನ ಅಂಗಡಿಯಲ್ಲಾಗಲಿ ಹಾಗೆ ಕೇಳುವ ಹಕ್ಕು ಅವರಿಗಿರಲಿಲ್ಲ. ನಾಲ್ಕಾಣೆಯ ಟಿಕೀಟಿನಿಂದ ನಾಲ್ಕೈದು ತಾಸುಗಳ ಮಟ್ಟಿಗೆ ಆ ಹಕ್ಕು ಬರುತ್ತಿತ್ತು. ಇಷ್ಟವಾಗದಿದ್ದರೆ ಸಿಳ್ಳೆ ಹೊಡೆಯುವುದು, ಎದ್ದು ಹೋಗುವುದು, ಮರುದಿನ ಬಾರದಿರುವುದು. ಇದರಲ್ಲಿ ಮೂರನೆಯದಕ್ಕೆ ಮಾಲೀಕ ನಡುಗುತ್ತಿದ್ದ. ಎಷ್ಟು ದಿನ ಕಲೆಕ್ಷನ್ನು ಆಗುವುದೋ ಅಷ್ಟು ದಿನ ಕ್ಯಾಂಪು. ‘ಇಂದೇ ಕೊನೆಯ ಆಟ’ ಎಂಬ ಕರಪತ್ರದ ಹಿಂದೆಯೇ ‘ಜನರ ಒತ್ತಾಯದ ಮೇರೆಗೆ’ ಎಂಬ ಇನ್ನೊಂದು ಕರಪತ್ರ ಬರುತ್ತಿದ್ದುದನ್ನು ನಮ್ಮ ತಲೆಮಾರಿನವರು ಮರೆತಿರಲಾರರು.

ನೋಡುವವರು ಭ್ರಮೆಗೂ ವಾಸ್ತವಕ್ಕೂ ವ್ಯತ್ಯಾಸ ತಿಳಿಯದ ಮುಗ್ಧರೆಂದು ಹೇಳುವುದುಂಟು. ಅದೇ ಕ್ಯಾಂಪಿನಲ್ಲಿ ನಲವಡಿ ಶ್ರೀಕಂಠ ಶಾಸ್ತ್ರಿಗಳ ‘ಹೇಮರೆಡ್ಡಿ ಮಲ್ಲಮ್ಮ’ವನ್ನು ನಮ್ಮ ಅಜ್ಜಿ ಮೂರು ಸಲ ನೋಡಿದಳು, ಎರಡು ಸಲ ನನ್ನನ್ನೂ ಕರೆದೊಯ್ದಳು. ಮಲ್ಲಮ್ಮನನ್ನು ಅತ್ತೆ ಕಾಡುವಾಗ ಹೆಂಗಸರ ಕಡೆಯಿಂದ ಶಾಪಗಳು ಕೇಳಿಬರುತ್ತಿದ್ದವು. ಒಂದು ಮುಂಜಾನೆ ಸಂತೆಯಲ್ಲಿ ಅತ್ತೆಯ ಪಾತ್ರದ ನಟಿ ಕಾಯಿಪಲ್ಲೆ ಕೊಳ್ಳಲು ಬಂದಿದ್ದರು. ಮಾರುವ ಮುದುಕಿ ಸೂಡು ಕೊಡದೆ, “ಅಂಥಾ ಸೊಸೀನ ಹಂಗ ಕಾಡತೀಯಲ್ಲ, ನಿನಗ ಮೆಂತೇಪಲ್ಲೆ ಬ್ಯಾರೆ ಕೇಡು” ಎಂದಳು. ಸುತ್ತಲಿದ್ದವರು ನಕ್ಕರು, ನಟಿಯೂ ನಕ್ಕರು. ಆಮೇಲೆ ಮುದುಕಿ ಎರಡು ಸೂಡು ಕೊಟ್ಟು, ಒಂದರ ದುಡ್ಡಷ್ಟೇ ತೆಗೆದುಕೊಂಡು, “ಪಾರ್ಟು ಛಲೋ ಮಾಡ್ತೀ ಯವ್ವಾ” ಎಂದಳು. ಇದರಲ್ಲಿ ಮುಗ್ಧತೆ ಎಲ್ಲಿದೆ? ಪಾತ್ರವನ್ನು ಬಯ್ದು ನಟಿಗೆ ಕಾಣಿಕೆ ಕೊಡುವ ಈ ವಿವೇಕವನ್ನು ನಾನು ಮುಂದೆ ಅಭಿನವಗುಪ್ತನನ್ನು ಓದಿ ಕಷ್ಟಪಟ್ಟು ಅರ್ಥಮಾಡಿಕೊಂಡೆ. ಸರಿಯಾಗಿ ಅರ್ಥವಾಯಿತೆಂದು ಈಗಲೂ ಹೇಳಲಾರೆ.

ಮತ್ತೊಂದು ರಾತ್ರಿ ಕರೆಂಟು ಹೋಯಿತು. ರಂಗದ ಮೇಲೆ ಮಲ್ಲಮ್ಮ ಶ್ರೀಶೈಲದ ಮಲ್ಲಿಕಾರ್ಜುನನನ್ನು ನೆನೆದು ಹಾಡುತ್ತಿದ್ದಳು. ಪೆಟ್ರೋಮ್ಯಾಕ್ಸ್ ಹೊತ್ತಿಸಿ ತರಲು ಐದು ನಿಮಿಷವಾದರೂ ಬೇಕು. ಕತ್ತಲಲ್ಲಿ ಹಾಡು ನಿಲ್ಲಲಿಲ್ಲ, ಹಾರ್ಮೋನಿಯಂ ನಿಲ್ಲಲಿಲ್ಲ. ಅಷ್ಟು ಜನರಿದ್ದ ಥಿಯೇಟರಿನಲ್ಲಿ ಒಂದು ಕೆಮ್ಮಿನ ಸದ್ದೂ ಇರಲಿಲ್ಲ. ಮಡಿಲಿನ ಕೂಸುಗಳು ಹೇಗೆ ಸುಮ್ಮನಿದ್ದವೋ! ದೀಪ ಬಂದಾಗ ಹಾಡು ಮುಗಿದಿತ್ತು. ಒಂದು ಕ್ಷಣ ಬಿಟ್ಟು ನೆಲದ ಕಡೆಯಿಂದ ಯಾರೋ ಒಬ್ಬ, ಕೂಗಲಿಲ್ಲ, ಸಾಮಾನ್ಯ ಧ್ವನಿಯಲ್ಲಿ, “ಇನ್ನೊಮ್ಮೆ ಆಗಲಿ ತಾಯಿ, ಮಾರಿ ನೋಡಲಿಲ್ಲ” ಎಂದ. ಆಕೆ ಮತ್ತೆ ಮೊದಲಿನಿಂದ ಹಾಡಿದಳು. ಭರತನ ಎರಡು ಸಿದ್ಧಿಗಳೂ ನಮ್ಮ ಸಂತೆಯ ಬಯಲಿನಲ್ಲಿ ಹತ್ತು ನಿಮಿಷಗಳ ಅಂತರದಲ್ಲಿ ಆಗಿಹೋದವು.

ಇಂಥ ಪ್ರೇಕ್ಷಕವರ್ಗ ಕರಗಿತೇಕೆ? ಸಿನಿಮಾ ಒಂದು ಕಾರಣ, ನಿಜ. 1934ರ ‘ಸತಿ ಸುಲೋಚನ’ದಿಂದ ಮೊದಲಾಗಿ ಕಂಪನಿಯ ಉತ್ತಮ ನಟರನ್ನು ಸಿನಿಮಾ ಸೆಳೆದುಕೊಂಡಿತು, ಜನ ಅವರ ಹಿಂದೆ ಹೋದರು. ಎಂಬತ್ತರ ದಶಕದಲ್ಲಿ ಟೆಲಿವಿಷನ್ನು ಮನೆಗೇ ಬಂತು. ನನಗೆ ಹೆಚ್ಚು ಮುಖ್ಯವೆಂದು ತೋರುವುದು ಇನ್ನೊಂದು. ಕಲೆಕ್ಷನ್ನು ಕುಸಿದಂತೆ ಮಾಲೀಕರು ಗಂಡಸರನ್ನು ಹಿಡಿದಿಡಲು ದ್ವಂದ್ವಾರ್ಥದ ಹಾಸ್ಯಕ್ಕೆ ಕೈಹಾಕಿದರು. ಅದರಿಂದ ಪಕ್ಕದ ಹೆಂಗಸರ ವಿಭಾಗ ಬರಿದಾಯಿತು. ಅದು ಬರಿದಾದ ಮೇಲೆ ಹಾಸ್ಯಕ್ಕೆ ಅಂಕೆಯೇ ಉಳಿಯಲಿಲ್ಲ. ಆ ಮುದುಕಿಯರು ಅಲ್ಲಿ ಕುಳಿತಿರುವವರೆಗೆ ರಂಗದ ಮೇಲಿನ ನಾಲಗೆಗೆ ಒಂದು ಹಿಡಿತವಿತ್ತು. ಅಭಿರುಚಿ ಕೆಟ್ಟದ್ದು ಪ್ರೇಕ್ಷಕರದೆಂದು ಬರೆದೆವು. ಕೆಡದೆ ಎದ್ದು ಹೋದವರೂ ಪ್ರೇಕ್ಷಕರೇ ಎಂಬುದನ್ನು ಬರೆಯಲಿಲ್ಲ.

ವಿದ್ಯಾವಂತರ ರಂಗಭೂಮಿ ಬೇರೆ ದಾರಿ ಹಿಡಿದಿತ್ತು. 1909ರಲ್ಲಿ ಬೆಂಗಳೂರಿನಲ್ಲಿ ಹವ್ಯಾಸಿಗಳ ಸಂಘ ಹುಟ್ಟಿತು, ಕೈಲಾಸಂ ಬಂದರು, ಶ್ರೀರಂಗರು ಬಂದರು. ಅವರ ನಾಟಕಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಅಲ್ಲಿ ಪ್ರೇಕ್ಷಕ ಸುಮ್ಮನಿರಲು ಕಲಿತ. ಅರ್ಥವಾಗದಿದ್ದರೂ ಸುಮ್ಮನಿರಲು ಕಲಿತ. ಬಾಲ್ಯದಲ್ಲಿ ಗುಬ್ಬಿ ಕಂಪನಿಯ ಅನ್ನ ಉಂಡಿದ್ದ ಬಿ.ವಿ. ಕಾರಂತರು ಎಪ್ಪತ್ತರ ದಶಕದಲ್ಲಿ ಹಾಡನ್ನು ಮತ್ತೆ ರಂಗಕ್ಕೆ ತಂದಾಗ ನಗರದ ಸಭಾಂಗಣಗಳೂ ಕೊಂಚ ಮೈ ಸಡಿಲಿಸಿದವು. ಸಾಗರ ತಾಲ್ಲೂಕಿನ ಹೆಗ್ಗೋಡಿನದು ಇನ್ನೊಂದು ಬಗೆ. 1949ರಲ್ಲಿ ಅಡಕೆ ಬೆಳೆಗಾರರ ಆ ಹಳ್ಳಿಯಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಆರಂಭವಾಯಿತು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದಿತು. 1985ರಿಂದ ‘ತಿರುಗಾಟ’ದ ತಂಡ ಊರೂರು ಸುತ್ತಿತು. ಕಾಳಿದಾಸನಾಗಲಿ ಷೇಕ್ಸ್‌ಪಿಯರನಾಗಲಿ ಹಳ್ಳಿಯವರಿಗೆ ಮುಟ್ಟನು ಎಂಬ ಮಾತನ್ನು ಕೆ.ವಿ. ಸುಬ್ಬಣ್ಣನವರು ಒಪ್ಪಲಿಲ್ಲ. ನಮ್ಮ ಅಜ್ಜಿಯನ್ನು ಬಲ್ಲ ನನಗೂ ಅದನ್ನು ಒಪ್ಪದಿರಲು ಕಾರಣವಿತ್ತು. ಆದರೂ ತರಗತಿಯಲ್ಲಿ ಬಹುಕಾಲ ಒಪ್ಪಿಕೊಂಡೇ ಮಾತನಾಡಿದೆ.

ಬಾದಾಮಿಯ ಬಳಿಯ ಬನಶಂಕರಿ ಜಾತ್ರೆಗೆ ಇಂದಿಗೂ ನಾಟಕ ಕಂಪನಿಗಳು ಬರುತ್ತವೆ. ಬನದ ಹುಣ್ಣಿಮೆಯ ತೇರಿನಿಂದ ಮೊದಲಾಗಿ ಹಲವು ದಿನ ಸಾಲಾಗಿ ಥಿಯೇಟರುಗಳು, ದಿನಕ್ಕೆ ಹಲವು ಆಟಗಳು. ನಿವೃತ್ತನಾದ ಮೇಲೆ ಒಮ್ಮೆ ಹೋಗಿದ್ದೆ. ನಾನು ಹೊಕ್ಕ ಥಿಯೇಟರಿನಲ್ಲಿ ನೆಲದ ಟಿಕೀಟೇ ಇರಲಿಲ್ಲ. ಉದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳು. ಹಾಸ್ಯ ನನಗೆ ರುಚಿಸಲಿಲ್ಲ. ಆದರೆ ಸಂಜೆಯ ಆ ಆಟಕ್ಕೆ ಹೆಂಗಸರು ಬಂದಿದ್ದರು, ಬುತ್ತಿ ಕಟ್ಟಿಕೊಂಡು ಬಂದಿದ್ದರು. ಪಕ್ಕದಲ್ಲಿ ಕುಳಿತ ಅಜ್ಜಿಯೊಬ್ಬಳು ನನ್ನ ಕೈಯಲ್ಲಿದ್ದ ನೋಟುಬುಕ್ಕನ್ನು ಎರಡು ಸಲ ನೋಡಿದಳು. “ಏನು ಬರಕೋತೀರಿ ಯಪ್ಪಾ?” ಎಂದಳು. ನಾಟಕದ ವಿಷಯ ಎಂದೆ. “ಬರಿಯೂದು ಆಮ್ಯಾಲೆ ಬರೀರಿ. ಈಗ ತಾಯಿ ಬರೋ ಸೀನು ಐತಿ, ತಲಿ ಎತ್ತಿ ನೋಡ್ರಿ” ಎಂದಳು.