ಕಂಬದ ಕೆಳಗಿನ ಚರ್ಚು

ಕೆಲವು ವರ್ಷಗಳ ಹಿಂದೆ ಕಂಪನಿಯವರು ಆನ್‌ಸೈಟ್ ಅಂತ ನನ್ನನ್ನು ಲಂಡನ್ನಿಗೆ ಕಳಿಸಿದ್ದರು. ಒಂದು ಶನಿವಾರ ಲೆಡನ್‌ಹಾಲ್ ಬೀದಿ ಹುಡುಕಿಕೊಂಡು ಹೋದೆ. ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಅಲ್ಲೇ. ಶ್ರೀರಂಗಪಟ್ಟಣದಿಂದ ಹೊತ್ತೊಯ್ದ ಟಿಪ್ಪುವಿನ ಮರದ ಹುಲಿಯನ್ನು 1808ರಲ್ಲಿ ಜನ ನೋಡಲಿ ಅಂತ ಇಟ್ಟಿದ್ದೂ ಅಲ್ಲೇ. ಆ ಕಟ್ಟಡ ಈಗಿಲ್ಲ, ಆ ಜಾಗದಲ್ಲಿ ಲಾಯ್ಡ್ಸ್ ಕಟ್ಟಡ ನಿಂತಿದೆ. ಬೇಜಾರಾಗಿ ತಿರುಗಿದರೆ ಎದುರಿಗೆ, ಗಾಜಿನ ಕಟ್ಟಡಗಳ ಮಧ್ಯೆ ಸಿಕ್ಕಿಕೊಂಡಂತೆ ಒಂದು ಹಳೇ ಕಲ್ಲಿನ ಚರ್ಚು. ಹೆಸರು ಸೇಂಟ್ ಆಂಡ್ರೂ ಅಂಡರ್‌ಶಾಫ್ಟ್. ಅಂದ್ರೆ ಕಂಬದ ಕೆಳಗಿನ ಆಂಡ್ರೂ. ಯಾವ ಕಂಬ? ರೂಮಿಗೆ ಬಂದು ಓದುತ್ತಾ ಕೂತೆ.

ಇಂಗ್ಲೆಂಡಿನಲ್ಲಿ ಮೇ ಒಂದು ವಸಂತದ ಹಬ್ಬ. ಹುಡುಗ ಹುಡುಗಿಯರು ಬೆಳಗಾಗುವ ಮೊದಲೇ ಕಾಡಿಗೆ ಹೋಗಿ ಹೂವು, ಹಸಿರು ಕೊಂಬೆ ತರೋರು. ಎತ್ತರದ ಕಂಬ ನೆಟ್ಟು ಅದರ ಸುತ್ತ ಕುಣಿಯೋರು. ಇವತ್ತು ಫೋಟೋಗಳಲ್ಲಿ ಕಾಣುವ, ನಮ್ಮ ಜಡೆ ಕೋಲಾಟದಂತೆ ಮಕ್ಕಳು ಬಣ್ಣದ ರಿಬ್ಬನ್ ಹೆಣೆಯುವ ಕುಣಿತ ಅಷ್ಟು ಹಳೆಯದಲ್ಲ. ಅದು ಊರೂರಿಗೆ ಹರಡಿದ್ದು 19ನೇ ಶತಮಾನದಲ್ಲಿ. ಈ ಚರ್ಚಿನ ಮುಂದೆ ನಿಲ್ಲಿಸುತ್ತಿದ್ದ ಕಂಬ ಚರ್ಚಿನ ಗೋಪುರಕ್ಕಿಂತ ಎತ್ತರ ಇತ್ತಂತೆ. ಅದಕ್ಕೇ ಆ ಹೆಸರು.

1517ರಲ್ಲಿ ಅದೆಲ್ಲ ಕೆಟ್ಟಿತು. ಫ್ರಾನ್ಸ್, ಫ್ಲಾಂಡರ್ಸ್, ಇಟಲಿಯಿಂದ ಬಂದ ಕಸುಬುದಾರರು, ವ್ಯಾಪಾರಿಗಳು ಆಗ ಲಂಡನ್ನಿನಲ್ಲಿದ್ದರು. ಈಸ್ಟರ್ ವಾರದಲ್ಲಿ ಪಾದ್ರಿಯೊಬ್ಬ, ಈ ಪರದೇಶಿಗಳು ನಮ್ಮ ಬಡಮಕ್ಕಳ ಅನ್ನ ಕಸೀತಿದ್ದಾರೆ ಅಂತ ಉಪದೇಶ ಮಾಡಿದ. ಗಲಾಟೆಗೆ ಹೆದರಿದ ನಗರದ ಹಿರಿಯರು ಏಪ್ರಿಲ್ 30ರ ರಾತ್ರಿ 9ರ ಮೇಲೆ ಯಾರೂ ಹೊರಗೆ ಬರಕೂಡದು ಅಂದರು. ಹಬ್ಬದ ಹಿಂದಿನ ರಾತ್ರಿ ಹರೆಯದ ಹುಡುಗರನ್ನು ಮನೇಲಿ ಕೂಡಿಹಾಕೋಕೆ ಆಗುತ್ತಾ? ಕಸುಬು ಕಲಿಯಲು ಸೇರಿದ್ದ ಅಪ್ರೆಂಟಿಸ್ ಹುಡುಗರು ಬೀದಿಗಿಳಿದರು. ಥಾಮಸ್ ಮೋರ್ ಸಮಾಧಾನ ಮಾಡಲು ನೋಡಿದ, ಆಗಲಿಲ್ಲ. ಪರದೇಶಿಗಳ ಮನೆ, ಅಂಗಡಿಗಳನ್ನು ಒಡೆದು ಹಾಕಿದರು. ಆಮೇಲೆ ಹತ್ತಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಿದರು. ನೂರಾರು ಜನರನ್ನು ಕೊರಳಿಗೆ ಹಗ್ಗ ಹಾಕಿ ಎಂಟನೇ ಹೆನ್ರಿಯ ಮುಂದೆ ನಿಲ್ಲಿಸಿ, ಕೊನೆಗೆ ಕ್ಷಮಿಸಿ ಬಿಟ್ಟರು. ಆ ದಿನಕ್ಕೆ 'ಕೆಟ್ಟ ಮೇ ದಿನ' ಅಂತಲೇ ಹೆಸರು ಬಿತ್ತು.

ಇದನ್ನು ಓದಿದಾಗ ಸ್ವಲ್ಪ ಇರಿಸುಮುರಿಸಾಯ್ತು. ಲಂಡನ್ನಿನಲ್ಲಿ ನಾನೂ ವೀಸಾ ಮೇಲೆ ಕೆಲಸಕ್ಕೆ ಬಂದ ಪರದೇಶಿಯೇ. ಆದರೆ ಬೆಂಗಳೂರಿನ ಆಫೀಸಿನಲ್ಲಿ ಟೀ ಕುಡಿಯುತ್ತಾ, 'ಹೊರಗಿನವರು ಬಂದು ನಮ್ಮ ಕೆಲಸ ಎಲ್ಲ ಕಿತ್ಕೊಂಡ್ರು' ಅಂತ ಆ ಪಾದ್ರಿಯ ಮಾತನ್ನೇ ನಾನೂ ಎಷ್ಟೋ ಸಲ ಆಡಿದ್ದೇನೆ.

ಗಲಾಟೆ ಆದಮೇಲೆ ಆ ಕಂಬವನ್ನು ಮತ್ತೆ ನಿಲ್ಲಿಸಲಿಲ್ಲ. ಪಕ್ಕದ ಓಣಿಯ ಸಾಲುಮನೆಗಳ ಸೂರಿನ ಕೆಳಗೆ, ಕಬ್ಬಿಣದ ಕೊಂಡಿಗಳ ಮೇಲೆ ಅಡ್ಡ ಮಲಗಿಸಿದರು. 32 ವರ್ಷ ಅದು ಅಲ್ಲೇ ಇತ್ತು. 1549ರಲ್ಲಿ ಇನ್ನೊಬ್ಬ ಪಾದ್ರಿ ಆ ಕಂಬ ವಿಗ್ರಹಕ್ಕೆ ಸಮ, ಅದನ್ನಿಟ್ಟುಕೊಳ್ಳೋದು ಪಾಪ ಅಂದ. ಅವತ್ತು ಮಧ್ಯಾಹ್ನವೇ ಓಣಿಯವರು ಊಟ ಮುಗಿಸಿ ಬಂದು ಕಂಬವನ್ನು ಇಳಿಸಿ ಗರಗಸದಿಂದ ಕೊಯ್ದರು. ಯಾರ ಬಾಗಿಲ ಮೇಲೆ ಎಷ್ಟುದ್ದ ಇತ್ತೋ ಅಷ್ಟು ಅವರ ಪಾಲು! ಎಲ್ಲ ಸೌದೆಯಾಗಿ ಉರಿದುಹೋಯ್ತು. ಆ ಉಪದೇಶವನ್ನು ಕಿವಿಯಾರೆ ಕೇಳಿ, ಮುಂದೆ ತನ್ನ ಪುಸ್ತಕದಲ್ಲಿ ಬರೆದಿಟ್ಟವನು ಜಾನ್ ಸ್ಟೋ ಎಂಬ ದರ್ಜಿ. ಅವನ ಸಮಾಧಿ ಇರೋದೂ ಅದೇ ಚರ್ಚಿನಲ್ಲಿ.

ಮುಂದೆ 1644ರಲ್ಲಿ ಪಾರ್ಲಿಮೆಂಟು ದೇಶದ ಮೇ ಕಂಬಗಳನ್ನೆಲ್ಲ ಕೆಡವಲು ಹೇಳಿತು. 1660ರಲ್ಲಿ ರಾಜ ವಾಪಸ್ ಬಂದ, ಕಂಬಗಳೂ ಬಂದವು. 1661ರಲ್ಲಿ ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ 134 ಅಡಿಯ ಕಂಬ ಎದ್ದಿತು. ಅದು ಹಳೆಯದಾಗಿ, ಆ ಜಾಗದಲ್ಲಿ ನಿಂತ ಇನ್ನೊಂದನ್ನು ಇಳಿಸಿದಾಗ ಕೊಂಡವನು ಯಾರು ಗೊತ್ತಾ? ಐಸಾಕ್ ನ್ಯೂಟನ್! ವಾನ್‌ಸ್ಟೆಡ್ ಎಂಬಲ್ಲಿ ಒಂದು ಉದ್ದನೆಯ ದೂರದರ್ಶಕಕ್ಕೆ ಆಸರೆಯಾಗಿ ಆ ಕಂಬ ಹೋಯಿತು. ಮೇ ತಿಂಗಳ ಮೊದಲ ಸೋಮವಾರ ಅಲ್ಲಿ ಸರ್ಕಾರಿ ರಜೆ ಆಗಿದ್ದು 1978ರಲ್ಲಿ, ಅಂದ್ರೆ ಮೊನ್ನೆ ಮೊನ್ನೆ.

ನಮ್ಮೂರಲ್ಲಿ ಯಾವ ಆಚರಣೆ ಬಗ್ಗೆ ಕೇಳಿದರೂ 'ಇದು ಹಿಂದಿನಿಂದ ಬಂದಿದ್ದು ಕಣಪ್ಪಾ' ಅಂತಾರೆ. ಆಮೇಲೆ ಬಾಯಿ ಮುಚ್ಚಿಕೊಂಡು ಒಪ್ಪಬೇಕು. ಇಂಗ್ಲೆಂಡಿನ ಈ ಹಬ್ಬವೂ ಹಿಂದಿನಿಂದಲೇ ಬಂದಿದ್ದು, ಆದರೆ ಹೀಗೆ ನಿಂತು, ಬಿದ್ದು, ಸುಟ್ಟು, ಮತ್ತೆ ಎದ್ದು ಬಂದಿದ್ದು. ಪ್ರತಿ ಸಲವೂ ಹಬ್ಬ ಯಾರದ್ದು, ಯಾರನ್ನು ಹೊರಗಿಡಬೇಕು ಅಂತ ಯಾರೋ ಜಗಳ ತೆಗೆದವರೇ.

ವಾಪಸ್ ಬರುವ ಮುಂಚೆ ಇನ್ನೊಮ್ಮೆ ಆ ಚರ್ಚಿನ ಹತ್ತಿರ ಹೋಗಿದ್ದೆ. ಕಂಬ ಇದ್ದಿದ್ದರ ಗುರುತು ನನ್ನ ಕಣ್ಣಿಗಂತೂ ಬೀಳಲಿಲ್ಲ, ಹೆಸರು ಮಾತ್ರ ಇತ್ತು. ಬೆಂಗಳೂರಿಗೆ ಬಂದ ಮೇಲೆ ಟೀ ಟೈಮಿನಲ್ಲಿ ಆ ಹಳೇ ಮಾತು ಶುರುವಾದರೆ ನಾನು ದನಿ ಸೇರಿಸೋದು ಬಿಟ್ಟಿದ್ದೇನೆ.