ಶ್ರೀಸಾಮಾನ್ಯ (ವ್ಯಂಗ್ಯಚಿತ್ರ ಪಾತ್ರ)

ಶ್ರೀಸಾಮಾನ್ಯ ಅಥವಾ ಕಾಮನ್ ಮ್ಯಾನ್, ಮೈಸೂರಿನಲ್ಲಿ ಜನಿಸಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ (೧೯೨೧–೨೦೧೫) ಅವರು ಸೃಷ್ಟಿಸಿದ ಪಾತ್ರ. ಭಾರತದ ರಾಜಕೀಯ ವ್ಯಂಗ್ಯಚಿತ್ರಗಳಲ್ಲಿ ಅತ್ಯಂತ ಪರಿಚಿತವಾದ ಪಾತ್ರಗಳಲ್ಲಿ ಇದು ಒಂದು. 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯಲ್ಲಿ ೧೯೫೧ರಲ್ಲಿ ಆರಂಭವಾದ 'ಯೂ ಸೆಡ್ ಇಟ್' ಎಂಬ ಒಂದೇ ಚೌಕಟ್ಟಿನ ಚಿತ್ರಮಾಲೆಯ ಮೂಲಕ ಈ ಪಾತ್ರವು ಹಲವು ದಶಕಗಳ ಕಾಲ ಓದುಗರ ಮುಂದೆ ಬಂದಿತು. ಧೋತಿ ಮತ್ತು ಚೌಕುಳಿ ಕೋಟು ಧರಿಸಿದ ಈ ವೃದ್ಧನು ಚಿತ್ರಗಳಲ್ಲಿ ಮಾತನಾಡುವುದಿಲ್ಲ. ಈ ಮೌನವೇ ಪಾತ್ರದ ಪ್ರಮುಖ ಲಕ್ಷಣವಾಗಿದ್ದು, ಅದರ ಅರ್ಥದ ಕುರಿತ ಚರ್ಚೆಗೂ ಆಧಾರವಾಗಿದೆ.

ಹಿನ್ನೆಲೆ

ಲಕ್ಷ್ಮಣ್ ಅವರು ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರ ಕಿರಿಯ ಸಹೋದರ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಅವರು ಆರಂಭದ ದಿನಗಳಲ್ಲಿ ಅಣ್ಣನ ಕಥೆಗಳಿಗೆ ಚಿತ್ರಗಳನ್ನು ಬರೆದರು. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ ಅವರು ೧೯೪೨ರಲ್ಲಿ ಆರಂಭಿಸಿದ ಕನ್ನಡ ಹಾಸ್ಯ ಮಾಸಪತ್ರಿಕೆ 'ಕೊರವಂಜಿ'ಗೂ ಅವರು ಚಿತ್ರಗಳನ್ನು ನೀಡಿದರು. ಮುಂಬಯಿಯ 'ಫ್ರೀ ಪ್ರೆಸ್ ಜರ್ನಲ್' ಪತ್ರಿಕೆಯಲ್ಲಿ ಕೆಲಕಾಲ ಕೆಲಸ ಮಾಡಿ, ಬಳಿಕ 'ಟೈಮ್ಸ್ ಆಫ್ ಇಂಡಿಯಾ' ಸೇರಿದರು.

ಆರಂಭದಲ್ಲಿ ಲಕ್ಷ್ಮಣ್ ಅವರು ಜನಸಾಮಾನ್ಯರನ್ನು ಸೂಚಿಸಲು ಬಂಗಾಳಿ, ತಮಿಳ, ಪಂಜಾಬಿ ಹೀಗೆ ಬೇರೆ ಬೇರೆ ಪ್ರಾಂತಗಳ ಜನರ ಗುಂಪನ್ನೇ ಚಿತ್ರಿಸುತ್ತಿದ್ದರು. ಪ್ರತಿದಿನ ನಿಗದಿತ ಸಮಯದೊಳಗೆ ಚಿತ್ರ ಮುಗಿಸಬೇಕಾದ ಒತ್ತಡದಲ್ಲಿ ಗುಂಪು ಕ್ರಮೇಣ ಕಿರಿದಾಗುತ್ತ ಬಂದು, ಕೊನೆಗೆ ಒಬ್ಬ ವ್ಯಕ್ತಿ ಮಾತ್ರ ಉಳಿದನೆಂದು ಅವರು ಹೇಳಿಕೊಂಡಿದ್ದಾರೆ.

ರೂಪ ಮತ್ತು ವೇಷ

ಬೋಳುತಲೆ, ಹಿಂಬದಿಯಲ್ಲಿ ಉಳಿದ ಕೆಲವು ಬಿಳಿಗೂದಲು, ದಪ್ಪ ಮೂಗು, ಅದರ ಮೇಲೆ ಕನ್ನಡಕ, ಪೊದೆ ಮೀಸೆ ಇವು ಪಾತ್ರದ ಗುರುತುಗಳು. ಧೋತಿಯು ದೇಶೀಯ ಬದುಕನ್ನೂ ಕೋಟು ಕಚೇರಿ ಮತ್ತು ನಗರದ ಸಂಪರ್ಕವನ್ನೂ ಸೂಚಿಸುತ್ತವೆ. ಎರಡೂ ಸೇರಿದಾಗ ಇವನು ಇಂಥದೇ ಪ್ರಾಂತದವನು ಎಂದು ಹೇಳಲು ಬರುವುದಿಲ್ಲ. ಪಾತ್ರಕ್ಕೆ ಹೆಸರಿಲ್ಲ, ದಶಕಗಳು ಕಳೆದರೂ ವಯಸ್ಸಾಗಲಿಲ್ಲ, ವೇಷ ಬದಲಾಗಲಿಲ್ಲ. ಅಧಿಕಾರದಲ್ಲಿರುವವರು ಬದಲಾಗುತ್ತ ಹೋದರೂ ನೋಡುವವನು ಮಾತ್ರ ಅವನೇ ಎಂಬ ಭಾವನೆಯನ್ನು ಈ ಸ್ಥಿರತೆ ಮೂಡಿಸುತ್ತದೆ.

ದೃಶ್ಯ ತಂತ್ರಗಳು

ಸ್ಥಾನ: ಈ ಮಾಲೆಯ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಯೋಜನೆಯೊಂದಿದೆ. ಚೌಕಟ್ಟಿನ ನಡುವೆ ಮಂತ್ರಿಯೋ ಅಧಿಕಾರಿಯೋ ಮಾತನಾಡುತ್ತಿರುತ್ತಾನೆ. ಸುತ್ತ ಹಿಂಬಾಲಕರು ಇರುತ್ತಾರೆ. ಶ್ರೀಸಾಮಾನ್ಯನು ಒಂದು ಅಂಚಿನಲ್ಲಿ ನಿಂತಿರುತ್ತಾನೆ. ಸಚಿವರ ಕೊಠಡಿ, ವಿಮಾನ ನಿಲ್ದಾಣ, ಪಕ್ಷದ ಸಭೆ ಮುಂತಾದ, ವಾಸ್ತವದಲ್ಲಿ ಅವನಿಗೆ ಪ್ರವೇಶವಿಲ್ಲದ ಸ್ಥಳಗಳಲ್ಲೂ ಅವನು ಇರುತ್ತಾನೆ, ಆದರೆ ಅವನನ್ನು ಯಾರೂ ಗಮನಿಸುವುದಿಲ್ಲ. ಓದುಗನು ಘಟನೆಯನ್ನು ಅವನ ಜಾಗದಿಂದ ನೋಡುವಂತಾಗುತ್ತದೆ.

ಉತ್ಪ್ರೇಕ್ಷೆ: ರಾಜಕಾರಣಿಗಳನ್ನು ದೊಡ್ಡ ಹೊಟ್ಟೆ, ಗಾಂಧಿ ಟೋಪಿ, ಉಬ್ಬಿದ ಎದೆಗಳಿಂದ ಹಿಗ್ಗಿಸಿ ಬರೆಯಲಾಗುತ್ತದೆ. ಪರಿಚಿತ ನಾಯಕರಾದರೆ ಮುಖದ ಒಂದು ಅಂಗವನ್ನು ಆರಿಸಿ ಬೆಳೆಸುವುದುಂಟು. ಇಂದಿರಾ ಗಾಂಧಿಯವರ ನೀಳ ಮೂಗು ಇದಕ್ಕೆ ಉದಾಹರಣೆ. ಶ್ರೀಸಾಮಾನ್ಯನ ಚಿತ್ರಣದಲ್ಲಿ ವ್ಯಂಗ್ಯವಿದ್ದರೂ ಅವಹೇಳನವಿಲ್ಲ. ಹುಬ್ಬು ಮೇಲೇರುವುದು, ಕಣ್ಣು ಅಗಲವಾಗುವುದು ಇಷ್ಟೇ ಅವನ ಪ್ರತಿಕ್ರಿಯೆ.

ಹಿನ್ನೆಲೆಯ ವಿವರ: ಕುಂಚ ಮತ್ತು ಕಪ್ಪು ಶಾಯಿಯಿಂದ ಬರೆದ ದಪ್ಪ ರೇಖೆಗಳ ಜೊತೆಗೆ ಕಡತಗಳ ರಾಶಿ, ರಸ್ತೆಯ ಗುಂಡಿ, ಗೋಡೆಯ ಬಿರುಕುಗಳಂಥ ವಿವರಗಳು ಚಿತ್ರಗಳಲ್ಲಿರುತ್ತವೆ. ಮಾತನಾಡುವವನ ಭರವಸೆಗೂ ಸುತ್ತಲಿನ ವಸ್ತುಗಳಿಗೂ ಹೊಂದಾಣಿಕೆ ಇರುವುದಿಲ್ಲ. ವ್ಯಂಗ್ಯವು ಹಲವು ವೇಳೆ ಇಲ್ಲಿಂದಲೇ ಹುಟ್ಟುತ್ತದೆ.

ಅಡಿಬರಹ: ಚಿತ್ರದ ಕೆಳಗಿನ ಮಾತು ಸಾಮಾನ್ಯವಾಗಿ ಅಧಿಕಾರದಲ್ಲಿರುವವರದು ಅಥವಾ ಅವರ ಸಮೀಪದವರದು. 'ಯೂ ಸೆಡ್ ಇಟ್' ಎಂದರೆ 'ನೀವೇ ಹೇಳಿದ್ದು' ಎಂದರ್ಥ. ಚಿತ್ರಕಾರನು ತನ್ನ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಸೇರಿಸದೆ, ಆಡಿದವನ ಮಾತನ್ನೇ ಅವನ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸುತ್ತಾನೆ ಎಂದು ಶೀರ್ಷಿಕೆಯನ್ನು ಓದಬಹುದು.

ಅರ್ಥ ಮತ್ತು ವಿಮರ್ಶೆ

ಮೌನವನ್ನು ಎರಡು ಬಗೆಯಲ್ಲಿ ಅರ್ಥೈಸಬಹುದು. ಮೊದಲನೆಯದರ ಪ್ರಕಾರ ಅದು ಅಸಹಾಯಕತೆ: ಐದು ವರ್ಷಕ್ಕೊಮ್ಮೆ ಮತ ಹಾಕುವ ಪ್ರಜೆಗೆ ನಡುವಿನ ಅವಧಿಯಲ್ಲಿ ಕೇಳುವವರಿಲ್ಲ. ಎರಡನೆಯದರ ಪ್ರಕಾರ ಅದು ಸಾಕ್ಷಿಪ್ರಜ್ಞೆ: ಎಲ್ಲ ಕಡೆ ಇದ್ದು ಎಲ್ಲವನ್ನೂ ನೋಡಿದವನ ಮುಂದೆ ಯಾವ ಸುಳ್ಳೂ ನಿಲ್ಲುವುದಿಲ್ಲ. ಒಂದು ನಿರ್ದಿಷ್ಟ ಚಿತ್ರವನ್ನು ಯಾವ ಬಗೆಯಲ್ಲಿ ಓದಬೇಕೆಂಬುದು ಅದು ಪ್ರಕಟವಾದ ಕಾಲವನ್ನು ಅವಲಂಬಿಸುತ್ತದೆ. ೧೯೭೫ರಿಂದ ೧೯೭೭ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳು ಸೆನ್ಸಾರಿಗೆ ಒಳಪಟ್ಟಿದ್ದಾಗ, ಮಾತಿಲ್ಲದೆ ನಿಂತ ಪ್ರಜೆಯ ಚಿತ್ರಕ್ಕೆ ಇತರ ಕಾಲದಲ್ಲಿಲ್ಲದ ಅರ್ಥ ಒದಗುತ್ತದೆ. ಆ ದಿನದ ಸುದ್ದಿ ತಿಳಿಯದ ಇಂದಿನ ಓದುಗನಿಗೆ ಅದೇ ಚಿತ್ರ ಬರಿಯ ನಗೆಚಿತ್ರವಾಗಿ ಕಾಣಬಹುದು.

ಪಾತ್ರದ ಪ್ರಾತಿನಿಧ್ಯದ ಕುರಿತು ಆಕ್ಷೇಪಗಳೂ ಇವೆ. ಧೋತಿ, ಕೋಟು, ಕನ್ನಡಕಗಳ ಈ ವ್ಯಕ್ತಿ ನಗರದ ಮಧ್ಯಮ ವರ್ಗದ ಹಿಂದೂ ಪುರುಷನಂತೆ ಕಾಣುತ್ತಾನೆ. ಕೃಷಿ ಕೂಲಿಕಾರರು, ದಲಿತರು, ಅಲ್ಪಸಂಖ್ಯಾತರು ಮತ್ತು ಮಹಿಳೆಯರನ್ನು ಈ ಒಂದು ಆಕೃತಿ ಪ್ರತಿನಿಧಿಸಬಲ್ಲದೇ ಎಂಬುದು ಪ್ರಶ್ನೆ. ಪ್ರಾಂತಗಳ ಗುಂಪು ಒಬ್ಬನಾಗಿ ಕಿರಿದಾದಾಗ ಚಿತ್ರಕ್ಕೆ ಸ್ಪಷ್ಟತೆ ದೊರೆಯಿತು, ಆದರೆ ವೈವಿಧ್ಯ ಮರೆಯಾಯಿತು. ಬೆಂಗಳೂರಿನ ಮಾಯಾ ಕಾಮತ್ (೧೯೫೧–೨೦೦೧) ಅವರು ಪುರುಷರೇ ಹೆಚ್ಚಾಗಿದ್ದ ರಾಜಕೀಯ ವ್ಯಂಗ್ಯಚಿತ್ರ ಕ್ಷೇತ್ರದಲ್ಲಿ ಕೆಲಸ ಮಾಡಿದ ಕೆಲವೇ ಭಾರತೀಯ ಮಹಿಳೆಯರಲ್ಲಿ ಒಬ್ಬರು. 'ಸಾಮಾನ್ಯರು' ಯಾರು ಎಂಬ ಪ್ರಶ್ನೆಯನ್ನು ಚರ್ಚಿಸುವಾಗ ಅವರ ಚಿತ್ರಗಳನ್ನೂ ಗಮನಿಸುವುದು ಅಗತ್ಯ.

ಕನ್ನಡದ ಹೆಸರು

'ಕಾಮನ್ ಮ್ಯಾನ್' ಎಂಬುದಕ್ಕೆ ಕನ್ನಡದಲ್ಲಿ ಬಳಕೆಯಲ್ಲಿರುವ 'ಶ್ರೀಸಾಮಾನ್ಯ' ಎಂಬ ಪದವು ಕುವೆಂಪು ಅವರ ಬರವಣಿಗೆಯಿಂದ ಪ್ರಚಾರ ಪಡೆಯಿತು. ಮೂಲ ಹೆಸರಿನಲ್ಲಿಲ್ಲದ ಗೌರವವನ್ನು 'ಶ್ರೀ' ಎಂಬ ಪೂರ್ವಪದ ಸೇರಿಸುತ್ತದೆ. ಹೀಗಾಗಿ ಕನ್ನಡ ಓದುಗನಿಗೆ ಅಂಚಿನಲ್ಲಿ ನಿಂತ ಈ ವ್ಯಕ್ತಿ ಕೇವಲ ನಿರ್ಲಕ್ಷಿತನಾಗಿ ಕಾಣದೆ, ಮಾನ್ಯತೆ ಸಲ್ಲಬೇಕಾದ ಪ್ರಜೆಯಾಗಿಯೂ ಕಾಣುತ್ತಾನೆ.

ಜನಪ್ರಿಯತೆ ಮತ್ತು ಸ್ಮಾರಕಗಳು

* ೧೯೮೪ರಲ್ಲಿ ಲಕ್ಷ್ಮಣ್ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.
* ೧೯೮೮ರಲ್ಲಿ 'ಟೈಮ್ಸ್ ಆಫ್ ಇಂಡಿಯಾ'ದ ೧೫೦ನೆಯ ವರ್ಷದ ನೆನಪಿಗಾಗಿ ಹೊರತಂದ ಅಂಚೆಚೀಟಿಯಲ್ಲಿ ಈ ಪಾತ್ರವನ್ನು ಮುದ್ರಿಸಲಾಯಿತು.
* ದೂರದರ್ಶನದ 'ವಾಗ್ಲೆ ಕಿ ದುನಿಯಾ' ಧಾರಾವಾಹಿಯು ಲಕ್ಷ್ಮಣ್ ಅವರ ಸಾಮಾನ್ಯ ಮನುಷ್ಯನ ಕಲ್ಪನೆಯನ್ನು ಆಧರಿಸಿದೆ.
* ಗೊರೂರು ಮೂಲದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ಸ್ಥಾಪಿಸಿದ ಅಗ್ಗದ ದರದ ವಿಮಾನಯಾನ ಸಂಸ್ಥೆ ಏರ್ ಡೆಕ್ಕನ್, ಈ ಪಾತ್ರವನ್ನು ತನ್ನ ಲಾಂಛನವಾಗಿ ಬಳಸಿತು.
* ಪುಣೆಯ ಸಿಂಬಯೋಸಿಸ್ ಸಂಸ್ಥೆಯ ಆವರಣದಲ್ಲಿ ಮತ್ತು ಮುಂಬಯಿಯ ವರ್ಲಿ ಕಡಲತೀರದಲ್ಲಿ ಪಾತ್ರದ ಪ್ರತಿಮೆಗಳಿವೆ.